ಜೇನುಪೆಟ್ಟಿಗೆಯೂ ನೆರೆಮನೆಯೂ

ತನ್ನ ಸ್ವಂತ ಹಿತ್ತಲಲ್ಲಿ ಜೇನುಪೆಟ್ಟಿಗೆಯನ್ನಿಡುವದಕ್ಕೆ ಒಬ್ಬನು ನೆರೆಯವರ ಅಪ್ಪಣೆಯನ್ನು ಕೇಳಬೇಕೋ? ತೋಟದ ಮೂಲೆಯಲ್ಲಿ ಪೆಟ್ಟಿಗೆಯನ್ನಿಡುವ ನಮ್ಮ ಹಳ್ಳಿಯ ವಾಚಕರಿಗೆ ಈ ಪ್ರಶ್ನೆಯು ಅಲ್ಪವಾಗಿ ತೋರೀತು. ಆದರೆ ಹಳ್ಳಿಗಳಲ್ಲಿಯೂ ಮನೆಗಳು ಒತ್ತಾಗುತ್ತಾ ಬರುವದರಿಂದ, ಬೆಂಗಳೂರಿನ ಗಾಂಧಿನಗರದಲ್ಲಿ ನಾವು ಕಲಿತದ್ದನ್ನು ಹೇಳುವದು ಯುಕ್ತವೆಂದು ಎಣಿಸುತ್ತೇವೆ.

ಗಾಂಧಿನಗರವು ಚಿತ್ರಮಂದಿರಗಳೂ ವಸತಿಗೃಹಗಳೂ ಅಂಗಡಿಗಳೂ ಕಿಕ್ಕಿರಿದಿರುವ ಸ್ಥಳ. ಆದರೂ ಒಂದು ಅಡ್ಡರಸ್ತೆಯ ಹಳೇ ಮನೆಯ ಹಿತ್ತಲಲ್ಲಿ, ನುಗ್ಗೆಮರದ ಕೆಳಗೆ, ನಾವು ಒಂದು ತುಡುವೆಯ ಪೆಟ್ಟಿಗೆಯನ್ನಿಟ್ಟೆವು. ಅದು 1910ರ ಸುಮಾರಿಗೆ ತಿರುಚಿರಾಪಳ್ಳಿಯ ಕಡೆಯಲ್ಲಿ ಪಾದ್ರಿ ನ್ಯೂಟನ್ನರು ಈ ದೇಶದ ಹುಳಕ್ಕೆ ತಕ್ಕಂತೆ ರಚಿಸಿದ ಮಾದರಿಯ ಪೆಟ್ಟಿಗೆ. 1991-92ರಲ್ಲಿ ಥೈ ಸ್ಯಾಕ್‌ಬ್ರೂಡ್ ಎಂಬ ಮರಿಹುಳಗಳ ರೋಗವು ದಕ್ಷಿಣದೇಶದ ತುಡುವೆಯ ಗೂಡುಗಳಲ್ಲಿ ಬಹುಪಾಲನ್ನು ಹಾಳುಮಾಡಿದ್ದರಿಂದ, ಒಂದು ಗೂಡನ್ನು ಸಾಕುವದೇ ಒಳ್ಳೇ ಕೆಲಸವೆಂಬ ಹೆಮ್ಮೆಯೂ ನಮಗಿತ್ತು.

ನಾವು ಲೆಕ್ಕಹಾಕಿದ್ದು ಹೀಗೆ: ಆಡು ಬೇಲಿ ದಾಟಿದರೆ ನೆರೆಯವನಿಗೆ ನಷ್ಟ, ಜೇನು ದಾಟಿದರೆ ಅವನ ಕುಂಬಳದ ಬಳ್ಳಿಯಲ್ಲಿ ಕಾಯಿ ಕಚ್ಚುವದು. ಹಾಗಾದರೆ ಅವನೇ ನಮಗೆ ಸಾಲಗಾರನಲ್ಲವೇ? ಆದರೆ ಈ ಲೆಕ್ಕದಲ್ಲಿ ತಪ್ಪುಂಟು. ಕಾಯಿ ಒಬ್ಬರ ಮನೆಗೆ, ಕಡಿತ ಮತ್ತೊಬ್ಬರ ಮಗುವಿಗೆ. ಮತ್ತು ಕಡಿತವು ಎಲ್ಲರಿಗೂ ಒಂದೇ ಅಲ್ಲ. ಹೆಚ್ಚಿನವರಿಗೆ ಒಂದೆರಡು ದಿನದ ಬಾವು. ಕೆಲವರಿಗಾದರೋ ಒಂದೇ ಹುಳದಿಂದ ಉಸಿರುಕಟ್ಟಿ ಪ್ರಾಣಕ್ಕೇ ಅಪಾಯವಾಗುವದು. ಹತ್ತು ಸಾರಿ ಕಡಿಸಿಕೊಂಡು ನಗುವವನು ನೆರೆಯವನ ದೇಹವನ್ನು ಬಲ್ಲನೋ? ಹಾಯುವ ಎತ್ತೆಂದು ಮೊದಲೇ ತಿಳಿದೂ ಕಟ್ಟಿಹಾಕದವನನ್ನು ಮೋಶೆಯ ನ್ಯಾಯಪ್ರಮಾಣವು ಅಪರಾಧಿಯೆಂದೆಣಿಸುವದು ನಮಗೆ ನೆನಪಿಗೆ ಬಂತು. ಜೇನಿಗೆ ಮುಳ್ಳುಂಟೆಂಬದು ಯಾರಿಗೆ ತಿಳಿಯದು!

ಆದಕಾರಣ ಎಚ್ಚರಿಕೆಯಿಂದಲೇ ಇದ್ದೆವು. ಹುಳಗಳು ಜನರ ತಲೆಯ ಮೇಲಿಂದ ಹಾರುವಂತೆ ಪೆಟ್ಟಿಗೆಯ ಬಾಯನ್ನು ಎತ್ತರವಾದ ಗೋಡೆಯ ಕಡೆಗೆ ತಿರುಗಿಸಿದೆವು. ಪರರ ನಲ್ಲಿಗೆ ಹೋಗದಂತೆ ಅಗಲವಾದ ಬೋಗುಣಿಯಲ್ಲಿ ಕಲ್ಲು ಹಾಕಿ ನೀರಿಟ್ಟೆವು. ಮೋಡದ ದಿನ ಪೆಟ್ಟಿಗೆಯನ್ನು ತೆರೆಯಲಿಲ್ಲ. ಯಾರನ್ನೂ ಹುಳ ಕಡಿಯಲಿಲ್ಲ.

ಹೀಗಿರುವಲ್ಲಿ, ಪಕ್ಕದ ಮನೆಯ ಮುದುಕಿಯು ಮಾಳಿಗೆಯ ಮೇಲೆ ಸೀರೆ ಒಣಗಿಸುವದನ್ನು ಬಿಟ್ಟಿದ್ದಾಳೆಂದು ಒಂದು ದಿನ ಗಮನಕ್ಕೆ ಬಂತು. ಹುಡುಗಿಯಾಗಿದ್ದಾಗ ಬಂಡೆಯ ಹೆಜ್ಜೇನು ಎದ್ದು ಒಂದು ದಿಬ್ಬಣವನ್ನೇ ಚದರಿಸಿದ್ದನ್ನು ಆಕೆ ಕಂಡಿದ್ದಳಂತೆ. ಹೆಜ್ಜೇನು ಬೇರೆ, ತುಡುವೆ ಬೇರೆ ಎಂದು ವಿವರಿಸಿದೆವು. ಆಕೆ ಎಲ್ಲವನ್ನೂ ಕೇಳಿ, “ನಿಮ್ಮ ಹುಳ ಸಾಧುವೇ ಇರಬಹುದು ಸ್ವಾಮಿ. ನನಗೆ ಹೇಗೆ ಗೊತ್ತಾಗಬೇಕು?” ಅಂದಳು.

ಕಾರಣವಿಲ್ಲದ ಭಯಕ್ಕೆಲ್ಲಾ ಮಣಿದರೆ ನಾಯಿಯನ್ನೂ ಸಾಕಲಿಕ್ಕಾಗದೆಂದು ಕೆಲವರು ಹೇಳುವರು. ಆ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ತಿಳುವಳಿಕೆಯಿಂದ ಹೋಗುವ ಭಯವನ್ನು ತಿಳುವಳಿಕೆ ಹೇಳಿ ಹೋಗಲಾಡಿಸಬಹುದು. ಆದರೆ ಪೆಟ್ಟಿಗೆ ಬಂದ ಮೇಲೆ ಹೇಳುವದು ಕೇಳಿಕೊಳ್ಳುವದಾಗದು, ಬರೇ ಸಮಾಚಾರವಾದೀತು. ಮೊದಲ ಕೊಯ್ಲಿನಲ್ಲಿ ಆಕೆಗೆ ಒಂದು ಸೀಸೆ ತುಪ್ಪವನ್ನು ಕೊಟ್ಟಿದ್ದೆವು. ಆಕೆ ತೆಗೆದುಕೊಂಡದ್ದನ್ನು ಒಪ್ಪಿಗೆಯೆಂದು ತಿಳಿದದ್ದು ನಮ್ಮ ಬುದ್ಧಿಹೀನತೆ. ಗೋಡೆಯಾಚೆ ಹುಳ ಇಟ್ಟವನ ಕಾಣಿಕೆಯನ್ನು ಯಾರು ತಾನೇ ಬೇಡವೆಂದಾರು?

ಪೆಟ್ಟಿಗೆಯನ್ನು ಹಿತ್ತಲಿನ ಇನ್ನೊಂದು ಮೂಲೆಗೆ ಇಡೋಣವೆಂದರೆ, ಹೊರಗೆ ಹೋದ ಹುಳಗಳು ಹಳೇ ಸ್ಥಳಕ್ಕೇ ಬಂದು ಸುಳಿದಾಡುವವು. ಆದಕಾರಣ ರಾತ್ರಿ ಬಾಯಿಗೆ ಜಾಲರಿ ಕಟ್ಟಿ, ಅವು ಹಾರುವ ದೂರವನ್ನು ಮೀರಿ, ನಗರದ ಹೊರಗಣ ಪರಿಚಯಸ್ಥರೊಬ್ಬರ ಹೊಂಗೆಯ ತೋಪಿಗೆ ಸಾಗಿಸಿದೆವು. ಸಾಗಿಸುವದಕ್ಕೆ ಮುಂಚೆ, ಮಗ್ಗುಲ ಹೊಲದ ರೈತನ ಬಳಿಗೆ ಹೋಗಿ ಕೇಳಿದೆವು. ಆತನು ಸ್ವಲ್ಪ ಯೋಚಿಸಿ ಒಪ್ಪಿ, ತಾನು ಹುರುಳಿಕಾಯಿಗೆ ಔಷಧ ಹೊಡೆಯುವ ಹಿಂದಿನ ದಿನ ಹೇಳಿಕಳುಹಿಸುವದಾಗಿಯೂ, ಆ ದಿನ ಹುಳಗಳನ್ನು ಹೊರಗೆ ಬಿಡಬಾರದೆಂದೂ ತಾನಾಗಿಯೇ ತಿಳಿಸಿದನು.