ಕೊರತೆಯೋ, ಕೊರತೆಯ ಸುದ್ದಿಯೋ?

ದೇಹಕ್ಕೆ ಕೊಡುವುದನ್ನು ಕಡಿಮೆ ಮಾಡಿದಷ್ಟೂ ಆಯಸ್ಸು ಹೆಚ್ಚುತ್ತದೆ ಎಂಬುದು ನಿವೃತ್ತ ಮೇಷ್ಟ್ರ ಬಹುಕಾಲದ ನಂಬಿಕೆ. ಜೀವಕೋಶಗಳ ಸಂಶೋಧನೆಯಲ್ಲಿರುವ ಅವರ ಹಳೆಯ ಶಿಷ್ಯೆ ಮನೆಗೆ ಬಂದಾಗ ಮಾತು ಅಲ್ಲಿಂದಲೇ ಶುರುವಾಯಿತು.

“ಆಮ್ಲಜನಕ ಕಡಿಮೆ ಸಿಕ್ಕ ಇಲಿಗಳು ಹೆಚ್ಚು ದಿನ ಬದುಕಿದವಂತೆ. ನಮ್ಮ ಹಿರಿಯರು ಹೇಳಿದ್ದೂ ಇದನ್ನೇ ಅಲ್ಲವೇನಮ್ಮ? ಮಿತವಾದ ಊಟ, ಮಿತವಾದ ಉಸಿರು.”

“ಇಲಿಗಳ ವಿಷಯ ನಿಜ ಸರ್. ಬಾಸ್ಟನ್ನಿನ ಸಂಶೋಧಕರು 2023ರಲ್ಲಿ ಪ್ರಕಟಿಸಿದ್ದು. ಡಿಎನ್‌ಎ ದುರಸ್ತಿ ಸರಿಯಾಗಿ ನಡೆಯದೆ ಬೇಗ ಮುಪ್ಪಾಗುವ ತಳಿ ಅದು. ಮಾಮೂಲಿ ಗಾಳಿಯಲ್ಲಿ, ಅಂದರೆ ಶೇ. 21ರಷ್ಟು ಆಮ್ಲಜನಕದಲ್ಲಿ, ಅವುಗಳ ಮಧ್ಯಕ ಆಯಸ್ಸು 15.7 ವಾರ. ಶೇ. 11ಕ್ಕೆ ಇಳಿಸಿದಾಗ 23.6 ವಾರ. ಆದರೆ ಅವು ಊಟ ಬಿಟ್ಟಿರಲಿಲ್ಲ, ತುಸು ಹೆಚ್ಚೇ ತಿಂದಿದ್ದವು.”

“ಹಾಗಾದರೆ ಉಪವಾಸದ ಫಲವಲ್ಲ, ಒಪ್ಪಿದೆ” ಎಂದರು ಮೇಷ್ಟ್ರು. “ಕುಂಭಕದ ಫಲವಿರಬಹುದಲ್ಲ? ಪ್ರಾಣಾಯಾಮದಲ್ಲಿ ಉಸಿರು ಕಟ್ಟುತ್ತೇವಲ್ಲ, ಅದು?”

“ಅರ್ಧ ನಿಮಿಷ ಉಸಿರು ಹಿಡಿದರೆ ಆರೋಗ್ಯವಂತರ ರಕ್ತದಲ್ಲಿ ಆಮ್ಲಜನಕ ಅಷ್ಟೇನೂ ಇಳಿಯುವುದಿಲ್ಲ. ಆ ಇಲಿಗಳೋ ಹಗಲೂ ರಾತ್ರಿ ಎವರೆಸ್ಟ್ ಬೇಸ್ ಕ್ಯಾಂಪಿನಂಥ ಗಾಳಿಯಲ್ಲಿದ್ದವು.”

“ಹಾಗಿದ್ದರೆ ಬೆಟ್ಟದ ಮೇಲಿನವರೆಲ್ಲ ದೀರ್ಘಾಯುಷಿಗಳಾಗಬೇಕಿತ್ತು.”

“ಆಂಡಿಸ್ ಪರ್ವತದಲ್ಲಿ ಕೆಲವರಿಗೆ ರಕ್ತ ಮಂದವಾಗಿ ಕಾಯಿಲೆಯೇ ಬರುತ್ತದೆ ಸರ್. ಟಿಬೆಟಿಯನ್ನರಲ್ಲಿ ಹಾಗಾಗದಂತೆ ತಡೆಯುವ ಜೀನು ತಲೆಮಾರುಗಳಿಂದ ನೆಲೆಯೂರಿದೆ. ಆ ದಾರಿ ಹಿಡಿದರೆ ನಾವು ಕೇಳಬೇಕಾದ ಪ್ರಶ್ನೆ ತಪ್ಪಿಹೋಗುತ್ತದೆ.”

ಮೇಷ್ಟ್ರು ಸುಮ್ಮನಾದರು. ಅವಳು ಮುಂದುವರಿಸಿದಳು.

“ಕೊರತೆ ಬೇರೆ, ಕೊರತೆಗೆ ಕೋಶ ಕೊಡುವ ಉತ್ತರ ಬೇರೆ. ನಮ್ಮ ಕೋಶಗಳು ಹಿಫ್ ಎಂಬ ಪ್ರೋಟೀನನ್ನು ಸದಾ ತಯಾರಿಸುತ್ತಲೇ ಇರುತ್ತವೆ. ಕಿಣ್ವವೊಂದು ಆಮ್ಲಜನಕ ಬಳಸಿ ಅದಕ್ಕೆ ಗುರುತು ಹಾಕುತ್ತದೆ. ಆ ಗುರುತು ಹಿಡಿದು ವಿಎಚ್‌ಎಲ್ ಎಂಬ ಇನ್ನೊಂದು ಪ್ರೋಟೀನು ಹಿಫ್ ಅನ್ನು ನಾಶಕ್ಕೆ ಕಳಿಸುತ್ತದೆ. ಆಮ್ಲಜನಕ ಇಲ್ಲವಾದರೆ ಗುರುತೂ ಇಲ್ಲ; ಹಿಫ್ ಉಳಿದುಕೊಂಡು ನೂರಾರು ಜೀನುಗಳನ್ನು ಎಬ್ಬಿಸುತ್ತದೆ. ಕೆಂಪು ರಕ್ತಕಣ ಹೆಚ್ಚುತ್ತವೆ, ಹೊಸ ರಕ್ತನಾಳ ಬೆಳೆಯುತ್ತವೆ. ಇದನ್ನು ಬಿಡಿಸಿ ತೋರಿಸಿದ ಕೇಲಿನ್, ರ‍್ಯಾಟ್‌ಕ್ಲಿಫ್, ಸೆಮೆನ್ಜಾ ಅವರಿಗೆ 2019ರ ನೊಬೆಲ್ ಬಂತು. ಈಗ ಸಿ. ಎಲೆಗನ್ಸ್ ಎಂಬ, ಒಂದು ಮಿಲಿಮೀಟರ್ ಉದ್ದದ ಹುಳುವನ್ನು ನೋಡಿ. ಅದರ ಆಯಸ್ಸು ಸುಮಾರು ಮೂರು ವಾರ. 2009ರಲ್ಲಿ ಸಿಯಾಟಲ್‌ನ ವಿಜ್ಞಾನಿಗಳು ಅದರ ವಿಎಚ್‌ಎಲ್ ಜೀನನ್ನು ಕೆಲಸ ಮಾಡದಂತೆ ತಡೆದರು. ಸುತ್ತಲಿನ ಗಾಳಿ ಎಂದಿನಂತೆಯೇ ಇತ್ತು. ಆದರೂ ಉಸಿರಿಲ್ಲವೆಂಬ ಸುಳ್ಳು ಸುದ್ದಿ ಕೋಶಗಳಿಗೆ ಮುಟ್ಟಿತು, ಹುಳು ಹೆಚ್ಚು ದಿನ ಬದುಕಿತು. ಕಷ್ಟ ಬರಲೇ ಇಲ್ಲ ಸರ್, ಕಷ್ಟಕ್ಕೆ ಸಿದ್ಧತೆ ಮಾತ್ರ ನಡೆಯಿತು. 2015ರಲ್ಲಿ ಇನ್ನೂ ಸೋಜಿಗದ ಸಂಗತಿ ತಿಳಿಯಿತು: ಸುದ್ದಿ ನರಕೋಶಗಳಿಗೆ ಮುಟ್ಟಿದರೂ ಸಾಕು. ಅಲ್ಲಿಂದ ಸೆರೊಟೋನಿನ್ ಮೂಲಕ ಸಂದೇಶ ಕರುಳಿಗೆ ಹೋಗುತ್ತದೆ, ಕರುಳು ಎಫ್‌ಎಂಒ-2 ಎಂಬ ಕಿಣ್ವ ತಯಾರಿಸುತ್ತದೆ. ಆ ಕಿಣ್ವವೊಂದನ್ನೇ ಹೆಚ್ಚಿಸಿದರೂ ಆಯಸ್ಸು ಬೆಳೆಯುತ್ತದೆ.”

“ಅಂದರೆ ತಪಸ್ಸು ಮಾಡದೆಯೇ ವರ ಸಿಗುತ್ತದೆ ಅನ್ನು!”

“ವರವೆಂದು ಹೇಗೆ ಹೇಳಲಿ? ಅದೇ ವಿಎಚ್‌ಎಲ್ ಜೀನು ಮನುಷ್ಯರಲ್ಲಿ ಕೆಟ್ಟರೆ ಮೂತ್ರಪಿಂಡ, ಮೆದುಳು, ಕಣ್ಣುಗಳಲ್ಲಿ ಗೆಡ್ಡೆ ಬೆಳೆಯುತ್ತವೆ. ಪ್ರೌಢ ಹುಳುವಿನ ದೇಹದ ಕೋಶಗಳು ವಿಭಜನೆಯಾಗುವುದಿಲ್ಲ, ಹಾಗಾಗಿ ಅದಕ್ಕೆ ಆ ಭಯವಿಲ್ಲ. ಹುಳುವಿನಲ್ಲೂ ಲೆಕ್ಕ ನೇರವಾಗಿಲ್ಲ. 25 ಡಿಗ್ರಿ ಬಿಸಿಯಲ್ಲಿ ಸಾಕಿದಾಗ ಹಿಫ್ ಅನ್ನೇ ತೆಗೆದುಹಾಕಿದರೂ ಆಯಸ್ಸು ಹೆಚ್ಚಿದ್ದುಂಟು.”

“ಸುದ್ದಿ ಕೊಟ್ಟರೂ ಲಾಭ, ಕೊಡದಿದ್ದರೂ ಲಾಭವೇ?”

“ಎಲ್ಲಿ, ಯಾವಾಗ, ಎಷ್ಟು ಹೊತ್ತು ಎಂಬುದರ ಮೇಲಿದೆ ಸರ್. ಅದಕ್ಕೇ ನಾನು ಹೇಳುವುದು, ದೇಹವನ್ನು ಬಳಲಿಸಿದರೆ ಆಯಸ್ಸು ಸಿಗುತ್ತದೆಂದು ಯಾರೂ ನಂಬಬಾರದು. ಕೋಶದ ಉತ್ತರದಲ್ಲಿ ಯಾವ ಭಾಗ ಕಾಪಾಡುತ್ತದೆ, ಯಾವ ಭಾಗ ಗೆಡ್ಡೆಗೆ ದಾರಿ ಮಾಡುತ್ತದೆ ಎಂದು ಬೇರ್ಪಡಿಸಬೇಕು. ಸುಳ್ಳು ಸುದ್ದಿ ಕೊಡುವ ಮಾತ್ರೆ ನಮ್ಮ ದೇಶದಲ್ಲೇ ಇದೆ. ಮೂತ್ರಪಿಂಡ ಕೆಟ್ಟವರ ರಕ್ತಹೀನತೆಗೆಂದು 2022ರಲ್ಲಿ ಡೆಸಿಡುಸ್ಟ್ಯಾಟ್‌ಗೆ ಒಪ್ಪಿಗೆ ಸಿಕ್ಕಿತು. ವಿಎಚ್‌ಎಲ್ ಕಾಯಿಲೆಯ ಗೆಡ್ಡೆಗಳಿಗೆ ಬೆಲ್ಜುಟಿಫಾನ್ ಎಂಬ ಇನ್ನೊಂದು ಔಷಧ ಅಮೆರಿಕದಲ್ಲಿ 2021ರಲ್ಲೇ ಬಂದಿದೆ. ಅದು ಹಿಫ್‌ನ ಕೆಲಸವನ್ನೇ ತಡೆಯುತ್ತದೆ.”

“ಒಬ್ಬ ರೋಗಿಗೆ ಎಬ್ಬಿಸುವ ಮದ್ದು, ಇನ್ನೊಬ್ಬನಿಗೆ ಅಡಗಿಸುವ ಮದ್ದು. ಕಾಯಿಲೆಯೇ ಇಲ್ಲದೆ ಬರೀ ಮುಪ್ಪಾದ ನನ್ನಂಥವನಿಗೆ ಯಾವುದು?”

“ಇವತ್ತಿಗೆ ಎರಡೂ ಬೇಡ ಸರ್.”

“ಇವತ್ತಿಗೆ ಅಂದೆ. ನಾಳೆ ಯಾರೋ ತಯಾರಿಸುತ್ತಾರೆ. ಆಗ ಅದನ್ನು ಯಾವ ವಯಸ್ಸಿಗೆ ಶುರು ಮಾಡಬೇಕು, ಎಲ್ಲಿಗೆ ನಿಲ್ಲಿಸಬೇಕು, ಅದನ್ನು ಯಾರು ಹೇಳುತ್ತಾರಮ್ಮ?”