ಅಗ್ಗಕ್ಕೆ ಕೇಳಿದಾಗ ಶ್ರಾವಕನ ಧರ್ಮ



ವಾಣಿಜ್ಯವು ಶ್ರಾವಕನಿಗೆ ನಿಷಿದ್ಧವಲ್ಲ. ಆದಿತೀರ್ಥಂಕರ ಭಗವಾನ್ ಋಷಭದೇವರು ಲೋಕಕ್ಕೆ ಬೋಧಿಸಿದ ಅಸಿ, ಮಸಿ, ಕೃಷಿ, ವಿದ್ಯಾ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳಲ್ಲಿ ಅದೂ ಒಂದಾಗಿದೆ. ಆದರೆ ಅಂಗಡಿಯಲ್ಲಿ ಕುಳಿತು ಮಾಡುವ ವ್ಯಾಪಾರಕ್ಕೂ ಇಂದು ಮನೆಮನೆಯಿಂದ ಮೊಬೈಲಿನ ಮೂಲಕ ನಡೆಯುವ ವ್ಯಾಪಾರಕ್ಕೂ ಒಂದು ಭೇದವುಂಟು. ಅಂಗಡಿಯಲ್ಲಿ ಗಿರಾಕಿಯ ಮುಖ ಕಾಣುತ್ತದೆ, ಮೊಬೈಲಿನಲ್ಲಿ ಕಾಣುವುದು ಬರಿಯ ಒಂದು ಅಂಕಿ. 2006ರಲ್ಲಿ ಆರಂಭವಾದ ಓಎಲ್‌ಎಕ್ಸ್, 2016ರಲ್ಲಿ ಫೇಸ್‌ಬುಕ್ ತೆರೆದ ಮಾರ್ಕೆಟ್‌ಪ್ಲೇಸ್ ಮೊದಲಾದವುಗಳಿಂದ ಹಳೆಯ ಮಂಚ, ಕಪಾಟು, ಹೊಲಿಗೆಯಂತ್ರಗಳನ್ನು ಮಾರುವ ಗೃಹಸ್ಥರೆಲ್ಲರೂ ಈಗ ವ್ಯಾಪಾರಿಗಳೇ ಆಗಿದ್ದಾರೆ. ಆದುದರಿಂದ ವ್ಯಾಪಾರಿಯ ವ್ರತವೂ ಮನೆಮನೆಗೆ ಬಂದಿದೆ.

ಇದಕ್ಕೊಂದು ದೃಷ್ಟಾಂತ. ಸೊಲ್ಲಾಪುರ ಸೀಮೆಯ ಪೇಟೆಯೊಂದರಲ್ಲಿ ವಯೋವೃದ್ಧ ಶ್ರಾವಕರೊಬ್ಬರು ತಮ್ಮ ಬಟ್ಟೆಯ ಅಂಗಡಿಯನ್ನು ಮುಚ್ಚಿದರು. ತಂದೆಯ ಕಾಲದ ಸಾಗುವಾನಿ ಕಪಾಟನ್ನು ಮಾರಬೇಕಾಗಿ ಬಂತು. ಮಗನು ಅದರ ಚಿತ್ರ ತೆಗೆದು, 12,000 ರೂಪಾಯಿ ಎಂದು ಬೆಲೆ ಬರೆದು ಆನ್‌ಲೈನಿನಲ್ಲಿ ಹಾಕಿದನು. ಅದೇ ರಾತ್ರಿ ಅಪರಿಚಿತನೊಬ್ಬನ ಸಂದೇಶ ಬಂತು: "ಶೇವಟಚಾ ಭಾವ ಸಾಂಗಾ. ಮೂರು ಸಾವಿರ ಕೊಡುವೆ." ನಮಸ್ಕಾರವಿಲ್ಲ, ಹೆಸರಿಲ್ಲ. ವೃದ್ಧರ ಮುಖ ಕೆಂಪಾಯಿತು. ತಂದೆಯವರು ಪ್ರತಿದಿನ ಮುಟ್ಟಿ ನಮಸ್ಕರಿಸುತ್ತಿದ್ದ ಕಪಾಟಿಗೆ ಇಷ್ಟೇ ಬೆಲೆಯೇ ಎಂದು ಕಟುವಾದ ಉತ್ತರವನ್ನು ಮಗನಿಂದ ಬರೆಯಿಸಿದರು. ಕಳುಹಿಸುವ ಮುನ್ನ ಅವರೇ ತಡೆದರು.

ಏಕೆ ತಡೆದರು? ಅವರಿಗೆ ಹಳೆಯದೊಂದು ಸಂಜೆಯ ನೆನಪಾಗಿತ್ತು. ಬಹು ವರ್ಷಗಳ ಹಿಂದೆ ಒಬ್ಬ ನೇಕಾರನು ಚಾದರಗಳ ಗಂಟನ್ನು ಹೊತ್ತು ಇದೇ ಕಪಾಟಿನ ಮುಂದೆ ನಿಂತಿದ್ದನು. ಮಗುವಿನ ಔಷಧಕ್ಕೆ ಅಂದೇ ಹಣ ಬೇಕಾಗಿತ್ತು. ಅದನ್ನರಿತೇ ಅವರು ಅರ್ಧ ಬೆಲೆಗೆ ಕೇಳಿದರು. ಅವನು ಒಂದು ಕ್ಷಣ ಮೌನವಾಗಿದ್ದು ಗಂಟನ್ನು ಇಳಿಸಿದನು. ಅಂದು ಅದು ಜಾಣತನವೆಂದು ತೋರಿತ್ತು.

ಈ ಎರಡು ಅಗ್ಗದ ಬೆಲೆಗಳು ಒಂದೇ ಅಲ್ಲ. ಕಪಾಟು ಮಾರುವವರಿಗೆ "ಬೇಡ" ಎನ್ನುವ ಸ್ವಾತಂತ್ರ್ಯವಿತ್ತು. ನೇಕಾರನಿಗೆ ಅದು ಇರಲಿಲ್ಲ. ನಿರಾಕರಿಸಬಲ್ಲವನ ಬಳಿ ಕಡಿಮೆಗೆ ಕೇಳುವುದು ಕೇವಲ ವ್ಯವಹಾರ. ನಿರಾಕರಿಸಲಾರದವನ ಬಳಿ ಕೇಳುವುದು ಹಿಂಸೆ. ಕೊಡದಿದ್ದುದನ್ನು ತೆಗೆದುಕೊಳ್ಳುವುದೇ ಅದತ್ತಾದಾನ. ಆ ಸಂಜೆ ನೇಕಾರನ ಕೈ ಕೊಟ್ಟಿತ್ತು, ಮನಸ್ಸು ಕೊಟ್ಟಿರಲಿಲ್ಲ. ಅವನ ಮನೆಯವರು ಈಗ ಆ ಪೇಟೆಯಲ್ಲಿಲ್ಲ. ಕ್ಷಮೆ ಬೇಡಬೇಕಾದ ಬಾಗಿಲೇ ಇಲ್ಲವಾದಾಗ ಕ್ಷಮಾವಾಣಿಯ ದಿನ ಕೈಮುಗಿದು ನಿಂತರೂ ಭಾರ ಇಳಿಯದು. ಕೊಳ್ಳುವ ಸರದಿ ಬಂದಾಗ ಪ್ರತಿಯೊಬ್ಬರೂ ಇದನ್ನು ನೆನೆಯತಕ್ಕದ್ದು.

ಇನ್ನು ಮಾರುವವನ ವಿಷಯ. ಅಗ್ಗದ ಬೆಲೆಯೊಂದು ಬಂದ ಕೂಡಲೆ ನಾಲ್ಕು ಕಷಾಯಗಳೂ ಎದ್ದು ನಿಲ್ಲುತ್ತವೆ. ಬೈದು ಬರೆಯಿಸುವುದು ಕ್ರೋಧ. "ನನ್ನ ವಸ್ತುವಿಗೆ ಇಷ್ಟೇ ಕೇಳಿದನೇ" ಎಂಬುದು ಮಾನ. ಯಾರೂ ಕೇಳದಿದ್ದರೂ "ಬೇರೊಬ್ಬರು ಹನ್ನೊಂದು ಸಾವಿರ ಹೇಳಿದ್ದಾರೆ" ಎಂದು ಬರೆಯುವುದು ಮಾಯೆ. ಹೇಗಾದರೂ ಚೌಕಾಸಿ ಮಾಡುತ್ತಾರೆಂದು ಮೊದಲೇ ಇಮ್ಮಡಿ ಬೆಲೆ ಹಾಕುವುದು ಲೋಭ. ಕೇಳಿದವನು ಒಂದು ಅಂಕಿಯನ್ನಷ್ಟೇ ಕಳುಹಿಸಿದನು. ಕಷಾಯಗಳೆಲ್ಲವೂ ಮಾರುವವನ ಒಳಗೇ ಇದ್ದವು.

ವಿಚಾರಿಸಿದರೆ ಅವಮಾನಕ್ಕೆ ಕಾರಣವೂ ಇಲ್ಲ. ಸಂದೇಶ ಕಳುಹಿಸಲು ಖರ್ಚಿಲ್ಲ, ಆದುದರಿಂದ ಒಬ್ಬನೇ ಹತ್ತು ಜನರಿಗೆ ಅದೇ ಬೆಲೆಯನ್ನು ಕೇಳಬಹುದು. ಅವನಿಗೆ ಕಪಾಟಿನ ತಂದೆಯವರು ಯಾರೆಂದು ತಿಳಿಯದು. ಅನೇಕಾಂತ ದೃಷ್ಟಿಯಿಂದ ನೋಡಿದರೆ ಅವನಿಗದು ಹಳೆಯ ಮರ, ಇವರಿಗದು ಪಿತೃಸ್ಮರಣೆ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಮೂರ್ಛೆಯನ್ನೇ ಪರಿಗ್ರಹವೆಂದಿದ್ದಾರೆ. ನೋವಾದದ್ದು ಬೆಲೆ ಇಳಿದುದರಿಂದಲ್ಲ, ಬೆಲೆಯೊಳಗೆ ಮಮಕಾರವನ್ನೂ ಸೇರಿಸಿ ತೂಗಿದುದರಿಂದ. ಸ್ಮರಣೆಗೆ ಬೆಲೆ ಕಟ್ಟುವ ಗಿರಾಕಿ ಎಲ್ಲಿಯೂ ಸಿಗನು.

ಹಾಗೆಂದು ಕೇಳಿದಷ್ಟಕ್ಕೇ ಕೊಡುವುದು ಧರ್ಮವೆಂದಲ್ಲ. ಅಂತಹ ಹಳೆಯ ವಸ್ತುಗಳು ಯಾವ ಬೆಲೆಗೆ ಹೋಗುತ್ತಿವೆ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಇದಕ್ಕಿಂತ ಕಡಿಮೆಗೆ ಕೊಡಲಾರೆನೆಂಬ ಮೊತ್ತವನ್ನು ಮನೆಯವರೊಡನೆ ಕುಳಿತು ಬರೆದಿಟ್ಟುಕೊಳ್ಳಬೇಕು; ಇಲ್ಲವಾದರೆ ಮೊದಲು ಕೇಳಿದ ಅಂಕಿಯೇ ಮನಸ್ಸನ್ನು ತನ್ನ ಕಡೆಗೆ ಎಳೆಯುತ್ತದೆ. ಸಿಟ್ಟು ಬಂದಿದ್ದರೆ ಒಂದು ಸಾಮಾಯಿಕದ ಅವಧಿ, 48 ನಿಮಿಷ, ಕಳೆದ ಮೇಲೆ ಉತ್ತರಿಸಬೇಕು. ಉತ್ತರವು ಹಿತಮಿತವಾಗಿರಲಿ: "ವಿಚಾರಿಸಿದ್ದಕ್ಕೆ ವಂದನೆ. ಇಷ್ಟಕ್ಕಿಂತ ಕಡಿಮೆಗೆ ಆಗದು." ಇನ್ನೊಂದು ಎಚ್ಚರಿಕೆ. ಬೆಲೆಯನ್ನು ಚರ್ಚಿಸದೆಯೇ ಒಪ್ಪಿ, ಹಣ ಪಡೆಯಲು ಕ್ಯೂಆರ್ ಸಂಕೇತವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರೆನ್ನುವವನು ಗಿರಾಕಿಯಲ್ಲ. ಯುಪಿಐಯಲ್ಲಿ ಹಣ ಕೊಡಲು ಪಿನ್ ಬೇಕು, ಪಡೆಯಲು ಬೇಡ. ಮೋಸಹೋದವರು ತಡಮಾಡದೆ 1930 ಸಂಖ್ಯೆಗೆ ಕರೆ ಮಾಡತಕ್ಕದ್ದು.

ವೃದ್ಧರು ಆ ಕಟುವಾದ ಉತ್ತರವನ್ನು ಅಳಿಸಿಹಾಕಿಸಿ, 9,500ಕ್ಕಿಂತ ಕಡಿಮೆಗೆ ಆಗದೆಂದು ಸೌಮ್ಯವಾಗಿ ಬರೆಯಿಸಿದರು. ಅವನು ಮರಳಿ ಉತ್ತರಿಸಲಿಲ್ಲ. ಕೆಲವು ದಿನಗಳ ನಂತರ ಬೇರೊಬ್ಬರು ಬಂದು ನೋಡಿ 9,500ಕ್ಕೆ ಒಪ್ಪಿದರು. ಆಗ ವೃದ್ಧರು ತಾವೇ ಕಪಾಟನ್ನು ಗೋಡೆಯಿಂದ ಸರಿಸಿ, ಹಿಂಬದಿಯ ಹಲಗೆಗೆ ಗೆದ್ದಲು ಹತ್ತಿದುದನ್ನು ತೋರಿಸಿದರು. ಚಿತ್ರದಲ್ಲಿ ಅದು ಕಂಡಿರಲಿಲ್ಲ. ದೋಷವುಳ್ಳುದನ್ನು ಉತ್ತಮವೆಂದು ದಾಟಿಸುವುದು ಅಚೌರ್ಯಾಣುವ್ರತದ ಅತಿಚಾರವಾದ ಪ್ರತಿರೂಪಕ ವ್ಯವಹಾರಕ್ಕೆ ಸೇರುತ್ತದೆ ಎಂಬುದನ್ನು ಅವರು ಅರಿತಿದ್ದರು. ಹಲಗೆಯ ದುರಸ್ತಿಗೆಂದು 1,000 ರೂಪಾಯಿ ಬಿಟ್ಟು 8,500 ಪಡೆದರು.

ಕಪಾಟು ಹೋದ ಗೋಡೆ ಬರಿದಾಯಿತು. ನೇಕಾರನ ಋಣ ತೀರಿತೆಂದು ಅವರು ಹೇಳಲಿಲ್ಲ, ಅದು ತೀರುವುದೂ ಇಲ್ಲ. ಆದರೆ ಇನ್ನೊಂದು ಋಣ ಬೆಳೆಯಲಿಲ್ಲ. ತಕ್ಕಡಿಯ ಎರಡೂ ತಟ್ಟೆಗಳು ಸಮವಾಗಿ ನಿಲ್ಲುವುದೇ ಸಮತಾಭಾವ. ಮಾರುವಾಗಲೂ ಕೊಳ್ಳುವಾಗಲೂ ಶ್ರಾವಕ ಶ್ರಾವಿಕೆಯರ ತಕ್ಕಡಿ ಹಾಗೆಯೇ ನಿಲ್ಲಲಿ. ಸರ್ವರಿಗೂ ಮಂಗಳವಾಗಲಿ.

ಜೈ ಜಿನೇಂದ್ರ.