ತಡ ಮಾಡಿದವರು

ಮಗಳಿಗೆ ಆಗ ಎಂಟು ತಿಂಗಳು. ಶುಕ್ರವಾರ ರಾತ್ರಿ ಎಂಟರ ಸುಮಾರಿಗೆ ಶುರುವಾದ ಅಳು ದಿನದ ಅಳುವಿನ ತರ ಇರಲಿಲ್ಲ. ಕಾಲನ್ನು ಹೊಟ್ಟೆಗೆ ಸೆಳೆದುಕೊಂಡು ಕಿರುಚುವುದು, ಎರಡು ನಿಮಿಷಕ್ಕೆ ತಣ್ಣಗಾಗಿ ಏನೂ ಆಗೇ ಇಲ್ಲ ಅನ್ನೋ ಹಾಗೆ ಮಲಗುವುದು, ಕಾಲು ಗಂಟೆ ಬಿಟ್ಟು ಮತ್ತೆ ಅದೇ. ಊರಿಂದ ಬಂದಿದ್ದ ಅಮ್ಮ "ದೃಷ್ಟಿ ಆಗೈತೆ ಕಣಪ್ಪ" ಅಂತ ಉಪ್ಪು, ಮೆಣಸಿನಕಾಯಿ ನಿವಾಳಿಸಿದಳು. ಹೊಕ್ಕುಳ ಸುತ್ತ ಇಂಗಿನ ನೀರು ಹಚ್ಚಿದಳು. ಹನ್ನೊಂದು ಗಂಟೆಗೆ ಹೆಂಡತಿ "ರೀ, ಇದ್ಯಾಕೋ ಸರಿ ಇಲ್ಲ, ಆಸ್ಪತ್ರೆಗೆ ಹೋಗೋಣ" ಅಂದಳು. ಅವತ್ತು ನಮ್ಮ ಪ್ರಾಜೆಕ್ಟಿನ ರಿಲೀಸ್. "ಗ್ಯಾಸ್ ಇರ್ಬೇಕು, ಬೆಳಿಗ್ಗೆ ನೋಡೋಣ" ಅಂದು ಹೆಡ್‌ಫೋನ್ ಹಾಕಿಕೊಂಡು ರೂಮಿನ ಬಾಗಿಲು ಮುಚ್ಚಿದೆ.

ಆ ಬಾಗಿಲಿನ ಬಗ್ಗೆ ಬರೀಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಎಲೆಕ್ಟ್ರಾನಿಕ್ ಸಿಟಿಯಿಂದ ಫ್ಲೈಓವರ್ ಹತ್ತಿ ಹೊಸೂರು ರಸ್ತೆಯ ಒಂದು ದೊಡ್ಡ ಆಸ್ಪತ್ರೆ ತಲುಪಿದಾಗ ಶನಿವಾರ ಬೆಳಿಗ್ಗೆ ಹತ್ತು. ಅಂದರೆ ಅಳು ಶುರುವಾಗಿ 14 ಗಂಟೆ. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿದವರೇ ಸ್ಕ್ಯಾನಿಂಗಿಗೆ ಕಳಿಸಿದರು. ಪರದೆ ಮೇಲೆ ವೃತ್ತದೊಳಗೊಂದು ವೃತ್ತ. "ಉದ್ದಿನವಡೆ ತರ ಕಾಣುತ್ತೆ ನೋಡಿ, ಕರುಳೊಳಗೆ ಕರುಳು ಹೋಗಿದೆ" ಅಂದರು. ಇಂಟಸಸೆಪ್ಷನ್. ತುಂಬುತೋಳಿನ ಅಂಗಿ ಬಿಚ್ಚುವಾಗ ತೋಳು ಒಳಗೊಳಗೇ ಸರಿಯುತ್ತದಲ್ಲ, ಹಾಗೆ. ಸಾಮಾನ್ಯವಾಗಿ ಸಣ್ಣಕರುಳಿನ ತುದಿ ದೊಡ್ಡಕರುಳಿನೊಳಗೆ ನುಗ್ಗುತ್ತದೆ. ಎರಡು ವರ್ಷದೊಳಗಿನ ಮಕ್ಕಳಲ್ಲೇ ಹೆಚ್ಚು, ಬಹುತೇಕರಲ್ಲಿ ಯಾಕೆ ಅಂತ ಕಾರಣವೂ ಸಿಗಲ್ಲ. ಸಿಕ್ಕಿಕೊಂಡ ಭಾಗಕ್ಕೆ ರಕ್ತ ಓಡುವುದು ಕಮ್ಮಿಯಾಗುತ್ತಾ ಹೋಗುತ್ತದೆ. ಮಲದಲ್ಲಿ ರಕ್ತ, ಲೋಳೆ ಬರುವ ಹೊತ್ತಿಗೆ ಒಳಗೆ ಕರುಳು ಹಾಳಾಗಲು ಶುರುವಾಗಿರಬಹುದು.

ಚಿಕಿತ್ಸೆ ಏನು ಗೊತ್ತಾ? ಎನಿಮಾ! ಮೊದಲು ಡ್ರಿಪ್ ಹಾಕಿ ಮಗುವನ್ನು ಸುಧಾರಿಸಿಕೊಳ್ಳುತ್ತಾರೆ. ಆಮೇಲೆ ಗುದದ್ವಾರದಿಂದ ನಳಿಕೆ ಇಟ್ಟು, ಸಲೈನ್ ಚೀಲವನ್ನು ಸುಮಾರು ಮೂರಡಿ ಮೇಲೆ ತೂಗುಹಾಕಿ, ನೀರಿನ ಒತ್ತಡದಿಂದಲೇ ಒಳಸೇರಿದ ಕರುಳನ್ನು ಮೆಲ್ಲಗೆ ಹಿಂದಕ್ಕೆ ತಳ್ಳುವುದು. ಕಣ್ಣೆಲ್ಲ ಸ್ಕ್ಯಾನಿಂಗ್ ಪರದೆ ಮೇಲೆ. ಕೆಲವು ಕಡೆ ನೀರಿನ ಬದಲು ಗಾಳಿ. ಲಂಡನ್ನಿನಲ್ಲಿ ಜೊನಾಥನ್ ಹಚಿನ್ಸನ್ 1871ರಲ್ಲಿ ಎರಡು ವರ್ಷದ ಮಗುವಿನ ಹೊಟ್ಟೆ ಕೊಯ್ದು ಇದನ್ನು ಸರಿಪಡಿಸಿದರು. ಐದೇ ವರ್ಷಕ್ಕೆ, 1876ರಲ್ಲಿ, ಕೋಪನ್‌ಹೇಗನ್ನಿನ ಮಕ್ಕಳ ವೈದ್ಯ ಹಿರ್ಷ್‌ಸ್ಪ್ರಂಗ್ ನೀರಿನ ಎನಿಮಾದಿಂದಲೇ ಆಗುತ್ತದೆ ಅಂತ ತಮ್ಮ ಅನುಭವ ಪ್ರಕಟಿಸಿದರು. 1986ರಲ್ಲಿ ಚೀನಾದ ವೈದ್ಯರು ಗಾಳಿ ಬಳಸಿ ಮಾಡಿದ 6,000ಕ್ಕೂ ಹೆಚ್ಚು ಪ್ರಯತ್ನಗಳ ವರದಿ ಕೊಟ್ಟರು. ಬೇಗ ಬಂದರೆ ನೂರಕ್ಕೆ 80-90 ಮಕ್ಕಳಿಗೆ ಕತ್ತಿಯೇ ಬೇಡ. ಕರುಳು ತೂತಾಗುವ ಅಪಾಯ ನೂರಕ್ಕೊಂದಕ್ಕಿಂತ ಕಮ್ಮಿ. ಅಷ್ಟನ್ನು ಕೇಳಿ ಸಹಿ ಹಾಕಿದೆ. ಎರಡನೇ ಸಲಕ್ಕೆ ಬಿಚ್ಚಿಕೊಂಡಿತು. ಮಗಳು ಅಲ್ಲೇ ಅವರಮ್ಮನ ಭುಜದ ಮೇಲೆ ನಿದ್ದೆ ಹೋದಳು. "ಒಳ್ಳೆ ಟೈಮಿಗೆ ಕರ್ಕೊಂಡ್ ಬಂದ್ರಿ" ಅಂದರು ಡಾಕ್ಟರು.

ಹೆಂಡತಿ ನನ್ನ ಮುಖ ನೋಡಿದಳು. ಏನೂ ಅನ್ನಲಿಲ್ಲ.

ಅದೇ ಕಾರಿಡಾರಿನಲ್ಲಿ ಇನ್ನೊಬ್ಬ ಅಪ್ಪ ನಿಂತಿದ್ದರು. ರಾಯಚೂರು ಕಡೆಯವರು, ಜಿಗಣಿಯಲ್ಲಿ ಗ್ರಾನೈಟ್ ಕತ್ತರಿಸುವ ಕೆಲಸ. ಅವರ ಹನ್ನೊಂದು ತಿಂಗಳ ಮಗನಿಗೂ ಇದೇ ಕಾಯಿಲೆ. ಗುರುವಾರ ಬೆಳಿಗ್ಗೆ ಶುರುವಾಗಿದ್ದು. ಮೆಡಿಕಲ್ ಶಾಪಿನವರು ಸಿರಪ್ ಕೊಟ್ಟರು. ಶುಕ್ರವಾರ ರಜೆ ಕೇಳಿದರೆ ಕೂಲಿ ಹಿಡಿಯುತ್ತಾರೆ. ಶನಿವಾರ ಡಯಾಪರಿನಲ್ಲಿ ರಕ್ತ ಕಂಡಾಗ ಆಟೋ ಹತ್ತಿದರು. ಹೊಟ್ಟೆ ಉಬ್ಬಿ ಕಲ್ಲಾಗಿತ್ತು. ಅಂಥ ಹೊಟ್ಟೆಗೆ ಎನಿಮಾ ಕೊಡುವಂತಿಲ್ಲ, ಕೊಳೆತ ಕರುಳು ಒತ್ತಡಕ್ಕೆ ಹರಿದೇ ಹೋಗುತ್ತದೆ. ನೇರ ಆಪರೇಷನ್. "ಎರಡು ದಿನ ಏನ್ ಮಾಡ್ತಿದ್ರಿ?" ಅಂತ ಒಬ್ಬರು ಎಲ್ಲರೆದುರೇ ಗದರಿದರು. ಆತ ತಲೆ ತಗ್ಗಿಸಿದರು.

ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು ಅಂತಾರೆ. ದೊಣ್ಣೆ ತಪ್ಪಿದವನು ಜಾಣನಾಗಿಬಿಡುತ್ತಾನೆ, ಏಟು ತಿಂದವನು ಹೊಣೆಗೇಡಿ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್, ಥಾಮಸ್ ನೇಗೆಲ್ ಅನ್ನೋ ಇಬ್ಬರು ತತ್ವಶಾಸ್ತ್ರಜ್ಞರು ಇದನ್ನೇ ಕೆದಕಿದ್ದರು. ಬ್ರೇಕ್ ಚೆಕ್ ಮಾಡಿಸದ ಇಬ್ಬರು ಲಾರಿ ಚಾಲಕರು ಅಂದುಕೊಳ್ಳಿ. ಒಬ್ಬನ ಲಾರಿಗೆ ಮಗು ಅಡ್ಡ ಬಂತು, ಇನ್ನೊಬ್ಬನದಕ್ಕೆ ಬರಲಿಲ್ಲ. ಉದಾಸೀನ ಇಬ್ಬರದ್ದೂ ಒಂದೇ. ಆದರೂ ನಾವು ಬೈಯುವುದು ಒಬ್ಬನನ್ನೇ.

ನನ್ನ ಲೆಕ್ಕ ಇದಕ್ಕಿಂತ ಕೆಟ್ಟದು. ಅವರದೂ ನನ್ನದೂ ಒಂದೇ ತಪ್ಪು ಅಂತ ಹೇಳಿದರೆ ಅದೇ ಸುಳ್ಳು. ಅವರಿಗೆ ಗೊತ್ತಿರಲಿಲ್ಲ, ರಜೆ ಇರಲಿಲ್ಲ, ಈ ಊರಲ್ಲಿ ಯಾವ ಆಸ್ಪತ್ರೆಗೆ ಹೋಗಬೇಕು ಅಂತ ಹೇಳುವವರು ಇರಲಿಲ್ಲ. ನನಗೆ ಕಾರಿತ್ತು, ಇನ್ಶೂರೆನ್ಸ್ ಇತ್ತು, ಹನ್ನೊಂದು ಗಂಟೆಗೇ ಹೇಳಿದ ಹೆಂಡತಿ ಇದ್ದಳು. ಕಮ್ಮಿ ತಪ್ಪಿದ್ದವರಿಗೆ ಬೈಗುಳ, ಹೆಚ್ಚು ತಪ್ಪಿದ್ದವನಿಗೆ ಶಭಾಷ್‌ಗಿರಿ.

ಆಫೀಸಿನಲ್ಲಿ ಏನಾದರೂ ಕೆಟ್ಟರೆ ಯಾರು ಮಾಡಿದ್ದು ಅಂತ ಕೇಳಬಾರದು, ಏನಾಯಿತು ಅಂತ ಮಾತ್ರ ಬರೀಬೇಕು ಅನ್ನೋ ಪದ್ಧತಿ ಇದೆ. ಒಳ್ಳೆ ಪದ್ಧತಿಯೇ. ಆ ರಾತ್ರಿಯದ್ದನ್ನೂ ಮನಸ್ಸಿನಲ್ಲಿ ಹಾಗೇ ಬರೆದು ನೋಡಿದೆ: "ಲಕ್ಷಣಗಳು ಅಸ್ಪಷ್ಟ, ಮಾಹಿತಿ ಕೊರತೆ." ಓದಿ ನನಗೇ ನಾಚಿಕೆಯಾಯಿತು. ಮಾಹಿತಿ ಬಾಗಿಲಾಚೆ ಅಳುತ್ತಿತ್ತು.

ಬಿಚ್ಚಿಕೊಂಡ ಕರುಳು ನೂರರಲ್ಲಿ ಸುಮಾರು ಹತ್ತು ಮಕ್ಕಳಿಗೆ ಮತ್ತೆ ಸಿಕ್ಕಿಕೊಳ್ಳುತ್ತದಂತೆ, ಅದೂ ಹಲವು ಸಲ ಮೊದಲ ಒಂದೆರಡು ದಿನದಲ್ಲೇ. ಹಾಗಾಗಿ ನಾವು ಸೋಮವಾರದವರೆಗೂ ಅಲ್ಲೇ ಇದ್ದೆವು. ಹೊರಡುವ ದಿನ ಕ್ಯಾಂಟೀನಿನಲ್ಲಿ ಆತ ಮತ್ತೆ ಸಿಕ್ಕರು. ಕರುಳಿನ ಒಂದು ತುಂಡು ಕತ್ತರಿಸಿ ಜೋಡಿಸಿದ್ದಾರೆ, ಮಗ ಕಣ್ಣು ಬಿಟ್ಟಿದ್ದಾನೆ ಅಂದರು. ನನಗೊಂದು ಟೀ ಕೊಡಿಸಿದರು, ಬೇಡ ಅಂದರೂ ಕೇಳಲಿಲ್ಲ.

"ನೀವು ತಿಳಿದವರು ರೀ ಸರ, ಲಗೂನ ಕರಕೊಂಡ್ ಬಂದ್ರಿ. ನಂದೇ ತಪ್ಪಾತು."

ಹೇಳಬೇಕಿತ್ತು. ನಾಲಿಗೆ ತುದಿವರೆಗೂ ಬಂದಿತ್ತು. "ಹಂಗೇನಿಲ್ಲ ಬಿಡಿ" ಅಂದು ಟೀ ಕುಡಿದು, ಲೋಟ ಇಟ್ಟು ಬಂದೆ.